ಮೂಗಿಗಿಂತ ಮೂಗುತಿ ಭಾರ

ಮಂಡ್ಯದಲ್ಲಿರೋ ನಮ್ಮ ಸೋದರಮಾವನ ಮನೇಲಿ ಒಂದು ತಗಡಿನ ಟ್ರಂಕ್ ಇದೆ, ಹಸಿರು ಬಣ್ಣ ಅರ್ಧ ಉದುರಿಹೋಗಿರೋದು. ಅದರ ತುಂಬ ಕ್ಯಾಸೆಟ್ಟು. ಮಾವ ಹೈಸ್ಕೂಲ್ ಮೇಷ್ಟ್ರಾಗಿದ್ದಾಗ ಭಾನುವಾರ ಬಂತು ಅಂದ್ರೆ ಟೇಪ್ ರೆಕಾರ್ಡರ್ ಬ್ಯಾಗಿಗೆ ಹಾಕ್ಕೊಂಡು ಪಾಂಡವಪುರ, ಕೆ.ಆರ್.ಪೇಟೆ, ನಾಗಮಂಗಲ ಕಡೆ ಬಸ್ ಹತ್ತಿಬಿಡೋರು, ಹಳ್ಳಿ ಜಗಲಿ ಮೇಲೆ ಅಜ್ಜಿದೀರನ್ನ ಕೂರಿಸ್ಕೊಂಡು ಸೋಬಾನೆ ಪದ, ರಾಗಿ ಬೀಸೋ ಪದ, ಕೋಲಾಟದ ಪದ ಎಲ್ಲ ಹಾಡಿಸಿ ತುಂಬಿಸ್ಕೊಂಡು ಬರೋರು. ರಿಟೈರ್ ಆದ್ಮೇಲೆ ಯಾರೋ ಹುಡುಗನ ಕೈಲಿ ಎಲ್ಲಾನೂ ಕಂಪ್ಯೂಟರಿಗೆ ಹಾಕ್ಸಿದ್ರು. 90 ನಿಮಿಷದ ಒಂದು ಕ್ಯಾಸೆಟ್ ಅಂದ್ರೆ ಒಂದು ವೇವ್ ಫೈಲು, ಒಂದೊಂದೂ ಹತ್ರ ಹತ್ರ 950 ಎಂಬಿ. ಒಳಗೆ ಹದಿನೈದು ಇಪ್ಪತ್ತು ಪದ, ನಡುವೆ ಕೆಮ್ಮು, ಕೋಳಿ ಕೂಗಿದ್ದು, 'ಕಾಪಿ ಕುಡೀರಿ ಮೇಷ್ಟ್ರೇ' ಅಂದಿದ್ದು.

'ಏನ್ಲಾ, ದಿನಾ ಕಂಪ್ಯೂಟರ್ ಮುಂದೇನೇ ಕೂತಿರ್ತೀಯ, ಇದನ್ನ ಒಸಿ ಪದ ಪದ ಬ್ಯಾರೆ ಮಾಡ್ಕೊಳಂಗೆ ಏನಾರ ಮಾಡ್ಕೊಡು' ಅಂದ್ರು ಮಾವ. ಎರಡು ವಾರದ ಕೆಲಸ ಅಂದ್ಕೊಂಡೆ. ಮೈಸೂರಲ್ಲಿ ಆಫೀಸ್ ಮುಗ್ಸಿ ಬಂದು ರಾತ್ರಿ ಒಂಬತ್ತರ ಮೇಲೆ ಕೂತ್ಕೊಂಡ್ರೆ ಆಗೋಗುತ್ತೆ ಅಂತ.

ಮಾಡಬೇಕಾಗಿದ್ದೂ ದೊಡ್ಡದಲ್ಲ ನೋಡಿ. ಫೈಲ್ ತೆಗಿ, ಅಲೆ ಥರ ಗೆರೆ ತೋರಿಸು, ಇಲ್ಲಿಂದ ಇಲ್ಲಿವರೆಗೆ ಅಂತ ಗುರುತು ಹಾಕು, 'ಕತ್ತರಿಸು' ಅಂತ ಒಂದು ಬಟನ್. ಕತ್ತರಿಸೋಕೆ ಎಫ್‌ಎಫ್‌ಎಂಪೆಗ್ ಅನ್ನೋ ಪ್ರೋಗ್ರಾಮ್ ಇದ್ದೇ ಇದೆಯಲ್ಲ, 2000ದಲ್ಲಿ ಫಾಬ್ರಿಸ್ ಬೆಲ್ಲಾರ್ ಶುರು ಮಾಡಿದ್ದು, ಇವತ್ತು ಆಡಿಯೋ ವಿಡಿಯೋ ಮುಟ್ಟೋ ಎಷ್ಟೋ ಸಾಫ್ಟ್‌ವೇರ್‌ಗಳ ಹೊಟ್ಟೆ ಬಗೆದ್ರೆ ಒಳಗೆ ಅದೇ ಕೂತಿರುತ್ತೆ. ನಾನು ಬರೆದ ಕೋಡು ಎಲ್ಲ ಸೇರಿಸಿದ್ರೂ 1 ಎಂಬಿ ಆಗಲ್ಲ. ನನ್ನ ಉಬುಂಟು (ಲಿನಕ್ಸಿನ ಒಂದು ಬಗೆ) ಲ್ಯಾಪ್‌ಟಾಪಲ್ಲಿ ಎಂಟು ದಿನಕ್ಕೆಲ್ಲ ಓಡ್ತು. ಓಡ್ದೇ ಏನು, ಎಫ್‌ಎಫ್‌ಎಂಪೆಗ್ ನಾನು ಯಾವತ್ತೋ ಹಾಕ್ಕೊಂಡಿದ್ದೆ, ಅದು ಇದೆ ಅನ್ನೋದೇ ನನಗೆ ಮರೆತುಹೋಗಿತ್ತು.

ಮಾವಂದು ವಿಂಡೋಸು. ಆಪ್ ಕಳಿಸ್ದೆ, ತೆರೀತು, ಬಟನ್ ಒತ್ತಿದ್ರೆ ಏನೂ ಇಲ್ಲ. ಆಗ ನಾನು ಮಾಡಿದ್ದು ಎಲ್ಲಾ ಪ್ರೋಗ್ರಾಮರ್‌ಗಳೂ ಮಾಡೋ ದಡ್ಡ ಕೆಲಸಾನೇ: 'ಮಾವ, ಎಫ್‌ಎಫ್‌ಎಂಪೆಗ್ ಅಂತ ಒಂದಿದೆ, ಅದನ್ನ ಡೌನ್‌ಲೋಡ್ ಮಾಡಿ, ಜಿಪ್ ಬಿಚ್ಚಿ, ಆಮೇಲೆ ಎನ್ವಿರಾನ್ಮೆಂಟ್ ವೇರಿಯಬಲ್ಸ್ ಅಂತ ಒಂದು ಕಿಟಕಿ ತೆಗೀರಿ, ಅದರಲ್ಲಿ ಪಾತ್ ಅಂತ ಇರುತ್ತೆ...' ಫೋನಲ್ಲಿ ಮುಕ್ಕಾಲು ಗಂಟೆ. ಕೊನೆಗೆ ಮಾವ 'ಲೇ, ನಾನು ನಿನ್ನ ಹತ್ರ ಕತ್ರಿ ಕೇಳ್ದೆ, ನೀನು ಕಮ್ಮಾರನ ಮನೆ ದಾರಿ ಹೇಳ್ತಾ ಇದೀಯ' ಅಂದ್ರು. ಅಲ್ಲಿಗೆ ಫೋನ್ ಇಟ್ಟೆ.

ಅವತ್ತಿಂದ ಶುರುವಾಯ್ತು ನನ್ನ ಪಾಡು. ಕತ್ತರಿಸೋ ಆಪ್ ಬರೆಯೋಕೆ ಎಂಟು ದಿನ, ಅದು ಇನ್ನೊಬ್ಬರ ಕಂಪ್ಯೂಟರಲ್ಲಿ ಓಡೋ ಹಾಗೆ ಕಟ್ಟಿಕೊಡೋಕೆ ಏಳು ತಿಂಗಳು.

ಮೊದಲನೇ ಐಡಿಯಾ ಏನಪ್ಪ ಅಂದ್ರೆ, ಆಪ್ ಮೊದಲ ಸಲ ತೆಗೆದಾಗ ಅದೇ ಹೋಗಿ ಎಫ್‌ಎಫ್‌ಎಂಪೆಗ್ ತಂದ್ಕೊಳ್ಳಲಿ. ಇನ್‌ಸ್ಟಾಲರ್ ಚಿಕ್ಕದಾಗಿರುತ್ತೆ, ನೋಡೋಕೆ ಚೆಂದ. ಅಂತರ್ಜಾಲದಲ್ಲಿ ಯಾರೋ ಪುಣ್ಯಾತ್ಮರು ರೆಡಿ ಮಾಡಿಟ್ಟಿರೋ ಬಿಲ್ಡ್, ಅಂದ್ರೆ ನೇರ ಓಡಿಸಬಹುದಾದ ಪ್ರತಿ, ಇತ್ತು, 'ಲೇಟೆಸ್ಟ್' ಅನ್ನೋ ಲಿಂಕ್ ಹಿಡ್ಕೊಂಡೆ. ಮೂರು ವಾರ ಚೆನ್ನಾಗಿತ್ತು, ಆಮೇಲೆ ಆ ಲಿಂಕಲ್ಲಿದ್ದ ಜಿಪ್ ಒಳಗಿನ ಫೋಲ್ಡರ್ ಹೆಸರು ಬದಲಾಯ್ತು, ನನ್ನ ಆಪ್ ಹಳೇ ಫೋಲ್ಡರ್ ಹುಡುಕ್ಕೊಂಡು ಕೂತಿತ್ತು. ಅವರದ್ದೇನೂ ತಪ್ಪಿಲ್ಲ, ಅವರೇನು ನನಗೆ ಬರೆದುಕೊಟ್ಟಿದ್ರಾ. ಲೇಟೆಸ್ಟ್ ಅನ್ನೋ ಲಿಂಕ್ ನಂಬ್ಕೊಂಡು ಆಪ್ ಕಟ್ಟೋದು ಅಂದ್ರೆ ಪಕ್ಕದ ಮನೆಯೋರ ನಲ್ಲಿ ನಂಬ್ಕೊಂಡು ಬೀಗರನ್ನ ಊಟಕ್ಕೆ ಕರೆದ ಹಾಗೆ.

ಇನ್ನೊಂದು ತೊಂದರೆ ನಾನು ಕಣ್ಣಾರೆ ನೋಡಿದ್ದು. ಮಾವನ ಮನೇಲಿ ಆಗ ಮೊಬೈಲ್ ಹಾಟ್‌ಸ್ಪಾಟೇ ಗತಿ. ಡೌನ್‌ಲೋಡ್ ಅರ್ಧಕ್ಕೆ ಬಂದಾಗ ಯಾರೋ ಫೋನ್ ಮಾಡಿದ್ರು, ಮಾವ ಫೋನ್ ಎತ್ಕೊಂಡು ಹಿತ್ತಲಿಗೆ ಹೋದ್ರು, ನೆಟ್ ಕಟ್ಟಾಯ್ತು. 31 ಎಂಬಿ ಇರೋ ಅರ್ಧಂಬರ್ಧ ಫೈಲು ಫೋಲ್ಡರಲ್ಲಿ ಕೂತಿದೆ. ನನ್ನ ಕೋಡ್ ಚೆಕ್ ಮಾಡ್ತಿದ್ದಿದ್ದು 'ಫೈಲ್ ಇದೆಯಾ' ಅಂತ ಅಷ್ಟೇ, 'ಪೂರ್ತಿ ಇದೆಯಾ' ಅಂತ ಅಲ್ಲ. ಇದೆ ಅಂತು, ಓಡಿಸೋಕೆ ಹೋಯ್ತು, ಬಿತ್ತು. ಮತ್ತೆ ಆಪ್ ತೆಗೆದ್ರೆ ಮತ್ತೆ ಬೀಳುತ್ತೆ, ಯಾಕಂದ್ರೆ ಫೈಲ್ 'ಇದೆಯಲ್ಲ'. ಆಮೇಲೆ ಕಲ್ತಿದ್ದು: ಇಳಿಸ್ಕೊಳ್ಳೋವಾಗ ಬೇರೆ ಹೆಸರಲ್ಲಿ ಇಳಿಸು, ನಿಂತ್ರೆ ನಿಂತಲ್ಲಿಂದ ಮುಂದುವರಿಸು, ಮುಗಿದ್ಮೇಲೆ ಶಾ-256 ಅನ್ನೋ ಫೈಲಿನ ಬೆರಳಚ್ಚಿನ ಲೆಕ್ಕ ತಾಳೆ ನೋಡು, ತಾಳೆ ಆದ್ರೆ ಮಾತ್ರ ನಿಜವಾದ ಹೆಸರಿಡು. ಇದನ್ನೆಲ್ಲ ಮೊದಲೇ ಯಾರಾದ್ರೂ ಹೇಳಿದ್ರೆ ಕೇಳ್ತಿದ್ನಾ, ಗೊತ್ತಿಲ್ಲ.

ಅಷ್ಟು ಮಾಡಿದ್ರೂ, ಆಪ್ ತಾನಾಗೇ ನೆಟ್ಟಿಂದ ಒಂದು ಎಕ್ಸಿಕ್ಯೂಟಬಲ್ (ಓಡೋ ಪ್ರೋಗ್ರಾಮ್ ಫೈಲು) ತಂದು ಓಡಿಸೋದನ್ನ ಕಂಡ್ರೆ ಆಂಟಿವೈರಸ್‌ಗಳಿಗೆ ಅನುಮಾನ. ಅನುಮಾನ ಬರೋದೇ ನ್ಯಾಯ ಬಿಡಿ, ಕಳ್ಳ ಸಾಫ್ಟ್‌ವೇರ್‌ಗಳು ಮಾಡೋದೂ ಅದನ್ನೇ ತಾನೆ. ಮಾವನ ಮಷೀನಲ್ಲಿ ಅದು ಸದ್ದಿಲ್ಲದೆ ಎತ್ತಿ ಕ್ವಾರಂಟೈನಿಗೆ ಹಾಕಿತ್ತು. ಜೊತೆಗೆ ಇನ್ನೊಂದು ಎಡವಟ್ಟು, ಕತ್ತರಿಸು ಅಂದಾಗೆಲ್ಲ ಒಂದು ಕಪ್ಪು ಕಿಟಕಿ ಪಕ್ ಅಂತ ಬಂದು ಹೋಗೋದು. ಬರೀ ಅಕ್ಷರದ ಕಪ್ಪು ಪರದೇಲಿ ಓಡೋ ಕನ್ಸೋಲ್ ಪ್ರೋಗ್ರಾಮನ್ನ ಒಳಗಿಂದ ಕರೆದ್ರೆ ವಿಂಡೋಸಲ್ಲಿ ಹಾಗೆ, ಕಿಟಕಿ ಮುಚ್ಚಿಡು ಅಂತ ಒಂದು ಆಪ್ಷನ್ ಕೊಡಬೇಕು, ನಾನು ಕೊಟ್ಟಿರ್ಲಿಲ್ಲ. ಮಾವ ಎರಡು ದಿನ ಆಪ್ ಮುಟ್ಟಲೇ ಇಲ್ಲ. 'ಏನೋ ಕಪ್ಪಗೆ ಮಿಂಚ್ತದೆ ಕಣ್ಲಾ, ಬ್ಯಾಂಕಿನ ದುಡ್ಡೆಲ್ಲ ಹೋದ್ರೆ?' ನಾನು 'ಅದು ನನ್ನ ಪ್ರೋಗ್ರಾಮಲ್ಲ ಮಾವ, ಒಳಗೆ ಇನ್ನೊಬ್ಬರದ್ದು ಒಂದಿದೆ, ಅದರದ್ದು' ಅಂದೆ. ಮಾವ ಒಂದ್ನಿಮಿಷ ಸುಮ್ನಿದ್ದು, 'ಆಲೆಮನೇಲಿ ಬೆಲ್ಲ ಕಪ್ಪಗೆ ಬಂದ್ರೆ ಗಾಣ ಮಾಡ್ದೋನನ್ನ ಬೈತಾರಾ?' ಅಂದ್ರು.

ಆಮೇಲಿಂದ ಅದು ನನ್ನದಲ್ಲ ಅಂತ ಯಾರಿಗೂ ಹೇಳೋಕೆ ಹೋಗ್ಲಿಲ್ಲ.

ಸರಿ, ಒಳಗೇ ಇಟ್ಟು ಕಳಿಸೋಣ ಅಂತಾಯ್ತು. ರೆಡಿ ಸಿಗೋ ಸ್ಟ್ಯಾಟಿಕ್ ಬಿಲ್ಡ್ (ಬೇಕಾದ್ದೆಲ್ಲ ಒಂದೇ ಫೈಲಲ್ಲಿ ತುಂಬಿರೋದು) ಹತ್ರ ಹತ್ರ 100 ಎಂಬಿ, ಫೈಲ್ ಎಷ್ಟು ಉದ್ದ ಅಂತ ನೋಡೋಕೆ ಎಫ್‌ಎಫ್‌ಪ್ರೋಬ್ ಅಂತ ಅದರ ತಮ್ಮ ಇದಾನಲ್ಲ, ಅವನೂ ಅಷ್ಟೇ ದಪ್ಪ, ಯಾಕಂದ್ರೆ ಇಬ್ಬರ ಹೊಟ್ಟೇಲೂ ಅದೇ ಲೈಬ್ರರಿಗಳು ಎರಡೆರಡು ಸಲ. ನಾನು ಆಪನ್ನ ಎಲೆಕ್ಟ್ರಾನ್ ಅನ್ನೋ ಚೌಕಟ್ಟಲ್ಲಿ ಬರೆದಿದ್ದೆ, ಅದು ಕ್ರೋಮಿಯಂ ಅನ್ನೋ ಬ್ರೌಸರನ್ನ ಪೂರ್ತಿ ಹೆಗಲ ಮೇಲೆ ಹೊತ್ಕೊಂಡೇ ಬರೋದು. 1 ಎಂಬಿ ಮೂಗಿಗೆ ಎಷ್ಟು ದೊಡ್ಡ ಮೂಗುತಿ ಅಂತ ನೀವೇ ಲೆಕ್ಕ ಹಾಕಿ.

ಎಲೆಕ್ಟ್ರಾನಲ್ಲಿ ಒಂದು ಹಳೇ ಗುಂಡಿ ಇದೆ, ಬೀಳದೇ ಇರೋರು ಕಮ್ಮಿ. ಪ್ಯಾಕೇಜ್ ಮಾಡಿದಾಗ ನಿಮ್ಮ ಫೈಲೆಲ್ಲ ಅಸಾರ್ ಅನ್ನೋ ಒಂದೇ ಮೂಟೆಗೆ ಸೇರ್ಕೊಳ್ಳುತ್ತೆ. ಜಾವಾಸ್ಕ್ರಿಪ್ಟ್‌ಗೆ ಅದು ಫೋಲ್ಡರ್ ಥರಾನೇ ಕಾಣುತ್ತೆ, ಓದಬಹುದು, ಎಲ್ಲ ಸರಿ. ಆದ್ರೆ ಆಪರೇಟಿಂಗ್ ಸಿಸ್ಟಮ್ಮಿಗೆ ಅದು ಬರೀ ಒಂದು ಫೈಲು, ಅದರೊಳಗಿರೋ ಬೈನರಿಯನ್ನ (ಓಡೋ ಫೈಲನ್ನ) ಶುರು ಮಾಡು ಅಂದ್ರೆ ಅಂಥ ಫೈಲೇ ಇಲ್ಲ ಅನ್ನುತ್ತೆ. ಡೆವಲಪ್ ಮಾಡೋವಾಗ ಮೂಟೆ ಇರಲ್ಲ, ಅದಕ್ಕೇ ನಮ್ಮ ಟೇಬಲ್ ಮೇಲೆ ಓಡುತ್ತೆ, ಗಿರಾಕಿ ಟೇಬಲ್ ಮೇಲೆ ಓಡಲ್ಲ. ಮೂಟೆ ಹೊರಗೆ ರಿಸೋರ್ಸಸ್ ಫೋಲ್ಡರಲ್ಲಿ ಇಟ್ಟು, ಆಪ್ ಪ್ಯಾಕ್ ಆಗಿದೆಯಾ ಇಲ್ವಾ ಅಂತ ನೋಡಿ ದಾರಿ ಬದಲಾಯಿಸಬೇಕು. ಈಗ ನಾನು ಎಲೆಕ್ಟ್ರಾನ್ ಬಿಟ್ಟು ಟೌರಿ ಅನ್ನೋ ಇನ್ನೊಂದು ಚೌಕಟ್ಟಿಗೆ ಬಂದಿದೀನಿ, ಅಲ್ಲಿ ಇದಕ್ಕೇ ಸೈಡ್‌ಕಾರ್ ಅಂತ ವ್ಯವಸ್ಥೆ ಇದೆ, ಬೈನರಿ ಹೆಸರಿನ ಬಾಲಕ್ಕೆ ಯಾವ ಪ್ರೊಸೆಸರ್, ಯಾವ ಸಿಸ್ಟಮ್ ಅಂತ ಪೂರ್ತಿ ಬರೆದಿಡಬೇಕು, ಅದು ಆಯಾ ಪ್ಲಾಟ್‌ಫಾರ್ಮಿಗೆ ತಕ್ಕದ್ದನ್ನ ಆರಿಸ್ಕೊಳ್ಳುತ್ತೆ. ಮನೆ ವಿಳಾಸಕ್ಕೆ ಜಿಲ್ಲೆ, ತಾಲ್ಲೂಕು, ಹೋಬಳಿ ಎಲ್ಲ ಬರೆದ ಹಾಗೆ. ಮೊದಲು ನಗು ಬಂತು, ಆಮೇಲೆ ಅದೇ ಸರಿ ಅನ್ನಿಸ್ತು.

ಈಗ ಕನ್ನಡದ ವಿಷಯಕ್ಕೆ ಬರ್ತೀನಿ, ಇದನ್ನ ಬರೆಯೋಕೇ ನಾನು ಈ ಬ್ಲಾಗ್ ತೆಗೆದಿದ್ದು ಅಂದ್ರೂ ತಪ್ಪಿಲ್ಲ.

ಮಾವ ಮೇಷ್ಟ್ರು, ಫೈಲಿಗೆ 'ಟ್ರ್ಯಾಕ್ 1' ಅಂತೆಲ್ಲ ಹೆಸರಿಡೋರಲ್ಲ. 'ಬಸವನ ಪದ, ಹಾಡಿದವರು ಇಂಥವರು, ಇಂಥ ಊರು' ಅಂತ ಅಚ್ಚಗನ್ನಡದಲ್ಲಿ ಇಡ್ತಾರೆ. ಎಫ್‌ಎಫ್‌ಎಂಪೆಗ್ ಅದನ್ನ ಸರಿಯಾಗಿ ತಗೊಳ್ಳುತ್ತೆ. ಆದ್ರೆ ಕ್ಯಾಸೆಟ್ಟಿನ 'ಹಿಸ್ಸ್' ಸದ್ದು ಕಮ್ಮಿ ಮಾಡೋಕೆ ಅಂತ ಇನ್ನೊಂದು ಪುಟ್ಟ ಹಳೇ ಟೂಲ್ ಸೇರಿಸಿದ್ದೆ, ಅದಕ್ಕೆ ಕೊಟ್ರೆ 'ಫೈಲ್ ಸಿಗ್ಲಿಲ್ಲ'. ಲಾಗ್ ತೆಗೆದು ನೋಡಿದ್ರೆ ಹೆಸರಿದ್ದ ಜಾಗದಲ್ಲಿ ಬರೀ ಪ್ರಶ್ನೆ ಚಿಹ್ನೆ ಸಾಲು, ಪರೀಕ್ಷೆ ಪೇಪರ್ ಥರ.

ಕಾರಣ ಹುಡುಕ್ತಾ ಹೋದ್ರೆ ಹಿಂಗಿದೆ. ವಿಂಡೋಸಲ್ಲಿ ಹಳೇ ಕಾಲದ ಸಿ ಪ್ರೋಗ್ರಾಮುಗಳು ಕಮಾಂಡ್ ಲೈನಿಂದ ಬರೋ ಹೆಸರನ್ನ ಆನ್ಸಿ ಕೋಡ್ ಪೇಜಲ್ಲಿ, ಅಂದ್ರೆ ಒಂದೊಂದು ಲಿಪಿಗೊಂದು ಅಂತಿದ್ದ ಹಳೇ ಅಕ್ಷರ ಪಟ್ಟೀಲಿ, ತಗೋತವೆ. ರಷ್ಯನ್ನಿಗೆ ಒಂದು ಕೋಡ್ ಪೇಜ್ ಇದೆ, ಥಾಯ್‌ಗೆ ಇದೆ, ಅರಬ್ಬಿಗೆ ಇದೆ. ಕನ್ನಡಕ್ಕೆ ಆನ್ಸಿ ಕೋಡ್ ಪೇಜೇ ಇಲ್ಲ, ಯಾವತ್ತೂ ಇರ್ಲಿಲ್ಲ, ವಿಂಡೋಸಲ್ಲಿ ನಮ್ಮದು ಎಲ್ಲಾ ಭಾಷೆಗೂ ಒಂದೇ ಪಟ್ಟಿಯಾದ ಯೂನಿಕೋಡಲ್ಲೇ ಹುಟ್ಟಿದ್ದು. ಅಂದ್ರೆ ರಷ್ಯಾದಲ್ಲಿ ಕೂತಿರೋನಿಗೆ ಅದೇ ಹಳೇ ಟೂಲು ಅವನ ಭಾಷೆ ಹೆಸರಲ್ಲಿ ಹೆಂಗೋ ಓಡಬಹುದು, ಮಂಡ್ಯದೋನಿಗೆ ಬಹಳ ಕಾಲ ಸೆಟ್ಟಿಂಗಲ್ಲಿ ಏನೇ ತಿರುಚಿದ್ರೂ ಆ ಹಳೇ ದಾರೀಲಿ ಓಡೋ ಸಾಧ್ಯತೇನೇ ಇರ್ಲಿಲ್ಲ. ಪ್ರೋಗ್ರಾಮ್ ಬರೆಯೋರೇ ಅದನ್ನ ಬದಲಾಯಿಸೋ ಹಾಗಾಗಿದ್ದು 2019ರ ವಿಂಡೋಸ್ 10, 1903ನೇ ಆವೃತ್ತಿಯಿಂದ, ಪ್ರೋಗ್ರಾಮಿನ ಮ್ಯಾನಿಫೆಸ್ಟ್ ಅನ್ನೋ ವಿವರ ಪಟ್ಟೀಲಿ 'ನನ್ನ ಕೋಡ್ ಪೇಜ್ ಯುಟಿಎಫ್-8' (ಯೂನಿಕೋಡ್ ಬರೆಯೋ ಒಂದು ರೀತಿ) ಅಂತ ಒಂದು ಸಾಲು ಬರೆಯೋಕೆ ಬಿಟ್ಟಾಗ.

ಆ ಸಾಲಿನ ವಿಷಯ ಗೊತ್ತಾಗೋ ಮುಂಚೆ ನಾನು ಮಾಡಿದ ಉಪಾಯ, ಫೈಲನ್ನ ಟೆಂಪ್ ಫೋಲ್ಡರಿಗೆ '0001' ಅನ್ನೋ ಹೆಸರಲ್ಲಿ ಕಾಪಿ ಮಾಡು, ಟೂಲಿಗೆ ಅದನ್ನ ಕೊಡು, ಮುಗಿದ್ಮೇಲೆ ಕನ್ನಡ ಹೆಸರಿಡು. ಖುಷಿಯಾಗಿ ಕಳಿಸ್ದೆ. ಮಾವನ ಕಂಪ್ಯೂಟರಲ್ಲಿ ಮತ್ತೆ ಪ್ರಶ್ನೆ ಚಿಹ್ನೆ! ಯಾಕಪ್ಪ ಅಂದ್ರೆ ಲ್ಯಾಪ್‌ಟಾಪ್ ತಗೊಂಡ ದಿನವೇ ಮಾವ ತಮ್ಮ ಯೂಸರ್ ಹೆಸರನ್ನೂ ಕನ್ನಡದಲ್ಲೇ ಹಾಕಿಸ್ಕೊಂಡಿದ್ರು, ಟೆಂಪ್ ಫೋಲ್ಡರ್ ಇರೋದೇ ಯೂಸರ್ ಹೆಸರಿನ ಫೋಲ್ಡರ್ ಒಳಗೆ. ಸಿಟ್ಟು ಬರಬೇಕಿತ್ತು, ಬರ್ಲಿಲ್ಲ, ಹೆಮ್ಮೆ ಥರ ಏನೋ ಆಯ್ತು. ಕೊನೆಗೆ ಪ್ರೋಗ್ರಾಮ್‌ಡೇಟಾ ಅನ್ನೋ ಎಲ್ಲರಿಗೂ ಸೇರಿದ ಫೋಲ್ಡರಲ್ಲಿ ಕೆಲಸ ಮಾಡಿಸ್ದೆ, ಆಮೇಲೆ ಟೂಲನ್ನೇ ಆ ಮ್ಯಾನಿಫೆಸ್ಟ್ ಸಾಲು ಸೇರಿಸಿ ಹೊಸದಾಗಿ ಕಂಪೈಲ್ ಮಾಡ್ದೆ. ನೀವು ಕನ್ನಡದೋರಿಗೆ ಅಂತ ವಿಂಡೋಸ್ ಆಪ್ ಮಾಡ್ತಿದ್ರೆ ದಯವಿಟ್ಟು ಕನ್ನಡ ಹೆಸರಿನ ಯೂಸರ್ ಒಂದನ್ನ ಮಾಡ್ಕೊಂಡು ಅದರಲ್ಲಿ ಟೆಸ್ಟ್ ಮಾಡಿ, ಹತ್ತು ನಿಮಿಷದ ಕೆಲಸ.

ಮ್ಯಾಕ್ ಕಥೆ ಬೇರೆ. ಮಾವನ ಮಗಳು ಬೆಂಗಳೂರಲ್ಲಿ, ಅವಳ ಹತ್ರ ಎಂ1 ಮ್ಯಾಕ್. ಅವಳಿಗೆ ಕಳಿಸಿದ್ರೆ 'ಈ ಆಪ್ ಕೆಟ್ಟಿದೆ, ಟ್ರ್ಯಾಶಿಗೆ ಹಾಕಿ' ಅನ್ನೋ ಸಂದೇಶ. ಆಪ್ ಕೆಟ್ಟಿರ್ಲಿಲ್ಲ, ಸಹಿ ಇರ್ಲಿಲ್ಲ ಅಷ್ಟೇ. ನೆಟ್ಟಿಂದ ಇಳಿದ ಫೈಲಿಗೆ ಮ್ಯಾಕು ಒಂದು ಗುರುತು ಅಂಟಿಸಿರುತ್ತೆ, 2019ರ ಕ್ಯಾಟಲೀನಾದಿಂದ ಈಚೆಗೆ ಅಂಥ ಆಪ್ ಸಲೀಸಾಗಿ ತೆರೀಬೇಕಂದ್ರೆ ಡೆವಲಪರ್ ಸಹಿಯ ಜೊತೆ ಆಪಲ್‌ಗೆ ಕಳಿಸಿ ನೋಟರೈಸ್ ಮಾಡಿಸಬೇಕು (ತಪಾಸಣೆಯ ಮುದ್ರೆ ಒತ್ತಿಸ್ಕೊಂಡ ಹಾಗೆ), ಅದಕ್ಕೆ ವರ್ಷಕ್ಕೆ 99 ಡಾಲರ್ ಖಾತೆ ಬೇಕು. ಕೊಟ್ಟೆ. ಮಾವನ ಕ್ಯಾಸೆಟ್ಟಿಗೆ ನಾನು ಕಟ್ಟಿದ ಕಂದಾಯ ಅದು. ಕೊಟ್ರೂ ಮುಗೀಲಿಲ್ಲ, ಆಪಿಗೆ ಸಹಿ ಹಾಕಿದೀನಿ, ಒಳಗಿರೋ ಎಫ್‌ಎಫ್‌ಎಂಪೆಗ್‌ಗೆ ಹಾಕಿಲ್ಲ, ವಾಪಸ್ ಬಂತು. ದಸರಾ ಮೆರವಣಿಗೆಗೆ ನನ್ನ ಹತ್ರ ಪಾಸ್ ಇದೆ ಅಂತ ಹಿಂದೆ ಬಂದ ನೆಂಟರನ್ನೆಲ್ಲ ಅರಮನೆ ಗೇಟಲ್ಲಿ ಬಿಡ್ತಾರಾ, ಒಬ್ಬೊಬ್ಬರಿಗೂ ಪಾಸ್ ಬೇಕು. ಇಲ್ಲೂ ಹಾಗೇ, ಒಳಗಿರೋ ಒಂದೊಂದು ಬೈನರಿಗೂ ಸಹಿ, ಅದೂ ಒಳಗಿಂದ ಶುರು ಮಾಡಿ ಹೊರಗೆ ಬರಬೇಕು, ಹೊರಗಿನ ಸಹಿ ಹಾಕಿದ್ಮೇಲೆ ಒಳಗೆ ಏನಾದ್ರೂ ಮುಟ್ಟಿದ್ರೆ ಹೊರಗಿಂದೂ ಒಡೆದುಹೋಗುತ್ತೆ. ಇಂಟೆಲ್ ಮ್ಯಾಕಿಗೊಂದು, ಎಂ1 ಥರದ ಆರ್ಮ್ ಮ್ಯಾಕಿಗೊಂದು ಬೈನರಿ ಮಾಡಿ ಲೈಪೋ ಅನ್ನೋ ಟೂಲಲ್ಲಿ ಎರಡನ್ನೂ ಹೊಲಿದು ಒಂದು ಮಾಡಿದ್ರೆ ಮತ್ತೆ ಸೈಜ್ ಡಬಲ್.

ಲಿನಕ್ಸ್ ಬಗ್ಗೆ ಜಾಸ್ತಿ ಹೇಳಲ್ಲ, ಹೇಳಿದ್ರೆ ಜಗಳಕ್ಕೆ ಬರ್ತಾರೆ. ಉಬುಂಟು 22.04ರಲ್ಲಿ ಬಿಲ್ಡ್ ಮಾಡಿದ್ದು 20.04ರಲ್ಲಿ ಓಡಲ್ಲ, ಪ್ರೋಗ್ರಾಮುಗಳಿಗೆ ಬುಡವಾದ ಜಿಲಿಬ್‌ಸಿ ಅನ್ನೋ ಲೈಬ್ರರಿ ಅಲ್ಲಿ 2.35, ಇಲ್ಲಿ 2.31. ಹಳೇದರಲ್ಲಿ ಮಾಡಿದ್ದು ಹೊಸದರಲ್ಲಿ ಓಡುತ್ತೆ, ಹೊಸದರಲ್ಲಿ ಮಾಡಿದ್ದು ಹಳೇದರಲ್ಲಿ ಇಲ್ಲ, ಆದ್ದರಿಂದ ಸಿಕ್ಕಷ್ಟು ಹಳೇ ಸಿಸ್ಟಮ್ಮಲ್ಲಿ ಬಿಲ್ಡ್ ಮಾಡಿ. ಅಷ್ಟೇ.

ಇಷ್ಟೆಲ್ಲ ಆದ್ಮೇಲೆ ಒಂದಿನ ತಲೆಗೆ ಹೊಳೀತು. ನನಗೆ ವಿಡಿಯೋನೇ ಬೇಡವಲ್ಲ, ಎಫ್‌ಎಫ್‌ಎಂಪೆಗ್‌ನಲ್ಲಿರೋ ನೂರಾರು ಕೋಡೆಕಲ್ಲಿ (ಒಂದೊಂದು ಥರದ ಆಡಿಯೋ, ವಿಡಿಯೋ ಬಿಚ್ಚಿ ಕಟ್ಟೋ ತುಣುಕು) ನನಗೆ ಬೇಕಾಗಿರೋದು ನಾಲ್ಕೋ ಐದೋ, ನಾನೇ ಯಾಕೆ ಕಂಪೈಲ್ ಮಾಡ್ಬಾರ್ದು? ಕಾನ್ಫಿಗರ್ ಮಾಡೋವಾಗ 'ಎಲ್ಲಾನೂ ಆಫ್ ಮಾಡು' ಅಂತ ಒಂದು ಆಪ್ಷನ್ ಇದೆ, ಆಮೇಲೆ ಬೇಕಾದ್ದು ಒಂದೊಂದೇ ಆನ್ ಮಾಡ್ತಾ ಹೋಗೋದು. ವೇವ್, ಎಂಪಿ3, ಎಎಸಿ, ವಾಟ್ಸಾಪ್ ವಾಯ್ಸ್ ಮೆಸೇಜಿಗೆ ಓಪಸ್. ಬಿಲ್ಡ್ ಆಯ್ತು, 4 ಎಂಬಿ ಚಿಲ್ಲರೆ! ಮನೇಲಿ ಎಲ್ಲರನ್ನೂ ಎಬ್ಬಿಸಿ ಹೇಳೋಣ ಅನ್ನಿಸ್ತು, ರಾತ್ರಿ ಒಂದೂವರೆ. ಓಡಿಸಿ ನೋಡಿದ್ರೆ ಒಂದು ಫೈಲೂ ತೆರೀತಿಲ್ಲ. ಅರ್ಧ ಗಂಟೆ ತಲೆ ಕೆರ್ಕೊಂಡ್ಮೇಲೆ ಗೊತ್ತಾಯ್ತು, ಎಲ್ಲಾನೂ ಆಫ್ ಅಂದ್ರೆ ನಿಜವಾಗ್ಲೂ ಎಲ್ಲಾನೂ: ಡಿಸ್ಕಿಂದ ಫೈಲ್ ಓದೋ 'ಫೈಲ್' ಅನ್ನೋ ಪ್ರೋಟೋಕಾಲ್ ಕೂಡ ಆಫು. ಮನೆ ಕಟ್ಟಿ ಬಾಗಿಲು ಇಡೋದು ಮರೆತ ಹಾಗಾಯ್ತು.

ಇದರಿಂದ ಲೈಸೆನ್ಸ್ ತಲೆನೋವೂ ಹೋಯ್ತು. ಎಫ್‌ಎಫ್‌ಎಂಪೆಗ್ ಸುಮ್ನೆ ಬಿಲ್ಡ್ ಮಾಡಿದ್ರೆ ಎಲ್‌ಜಿಪಿಎಲ್ ಅನ್ನೋ ಸಡಿಲ ಲೈಸೆನ್ಸು, ಎಕ್ಸ್264 (ಒಂದು ವಿಡಿಯೋ ಕೋಡೆಕ್) ಥರದ್ದು ಸೇರಿಸಿದ್ರೆ ಪೂರ್ತಿ ಜಿಪಿಎಲ್ ಅನ್ನೋ ಬಿಗಿ ಲೈಸೆನ್ಸ್ ಆಗುತ್ತೆ, ರೆಡಿ ಸಿಗೋ ದಪ್ಪ ಬಿಲ್ಡ್‌ಗಳು ಬಹಳಷ್ಟು ಎರಡನೇ ಥರದ್ದು. ನನ್ನದರಲ್ಲಿ ಆ ಪ್ರಶ್ನೆನೇ ಇಲ್ಲ, ಯಾವ ಆಪ್ಷನ್ ಹಾಕಿ ಬಿಲ್ಡ್ ಮಾಡಿದೀನಿ ಅನ್ನೋದನ್ನೂ ಸೋರ್ಸನ್ನೂ ಆಪ್ ಜೊತೆಗೇ ಇಟ್ಟಿದೀನಿ. ಇದಕ್ಕೊಂದು ಬೆಲೆ ಇದೆ, ಅದನ್ನೂ ಹೇಳ್ಬೇಕು. ನಾಳೆ ಆ ಕೋಡೆಕಲ್ಲೊಂದು ಸೆಕ್ಯೂರಿಟಿ ತೂತು ಸಿಕ್ಕಿದ್ರೆ ಉಬುಂಟುನೋರು ತಮ್ಮದನ್ನ ತಾವು ಸರಿ ಮಾಡ್ಕೋತಾರೆ, ನಾನು ಹಂಚಿರೋದನ್ನ ನಾನೇ ಮತ್ತೆ ಬಿಲ್ಡ್ ಮಾಡಿ ಕಳಿಸ್ಬೇಕು. ಉಬುಂಟು ಥರದ ಲಿನಕ್ಸ್ ಹಂಚೋ ಡಿಸ್ಟ್ರೋ ಜನ 'ಒಳಗೆ ತುಂಬ್ಸಿ ಕೊಡಬೇಡಿ, ಸಿಸ್ಟಮ್ಮಲ್ಲಿರೋದನ್ನ ಬಳಸಿ' ಅಂತ ಬೈಯೋದು ಇದಕ್ಕೇ. ಅವರು ಹೇಳೋದು ನ್ಯಾಯಾನೇ, ಆದ್ರೆ ಅವರ ಮಾವ ವಿಂಡೋಸ್ ಬಳಸಲ್ಲ ಅಂತ ಕಾಣುತ್ತೆ.

ಹೊಸ ಬಿಲ್ಡ್ ಮಂಡ್ಯಕ್ಕೆ ಹೋಯ್ತು, ಎರಡು ದಿನಕ್ಕೆ ಫೋನ್. ಕ್ಯಾಸೆಟ್ ಕಾಲ ಮುಗಿದ್ಮೇಲೆ ಮಾವ ಒಂದು ಬಟನ್ ಫೋನಲ್ಲಿ ರೆಕಾರ್ಡ್ ಮಾಡ್ತಿದ್ರಂತೆ, ಅವೆಲ್ಲ ಎಎಂಆರ್ ಫೈಲು, ದಪ್ಪ ಬಿಲ್ಡಲ್ಲಿ ತೆರೀತಿತ್ತು, ನನ್ನ ಸಣ್ಣ ಬಿಲ್ಡಲ್ಲಿ ಇಲ್ಲ. ಯಾರು ಈ ಕಾಲದಲ್ಲಿ ಎಎಂಆರ್ ಬಳಸ್ತಾರೆ ಅಂದ್ಕೊಂಡಿದ್ದೆ, ಮಾವ ಬಳಸ್ತಾರೆ, ಅದರಲ್ಲಿರೋ ಒಬ್ಬ ಅಜ್ಜಿ ಈಗಿಲ್ಲ. ಸೇರಿಸ್ದೆ. ಆಟೋ ಅಪ್‌ಡೇಟ್ ಕೊಟ್ಟೆ, ಅದೂ ಫೇಲು: ಆಪ್ ಮುಚ್ಚಿದ್ರೂ ಹಿಂದೆ ಎಫ್‌ಎಫ್‌ಎಂಪೆಗ್ ಒಂದು ಸಾಯದೆ ಓಡ್ತಾ ಇತ್ತು, ಓಡ್ತಿರೋ ಎಕ್ಸಿಕ್ಯೂಟಬಲ್ ಮೇಲೆ ಬರೆಯೋಕೆ ವಿಂಡೋಸ್ ಬಿಡಲ್ಲ. ಈಗ ಆಪ್ ಮುಚ್ಚೋ ಮುಂಚೆ ತಾನು ಶುರು ಮಾಡಿದ ಮಕ್ಕಳನ್ನೆಲ್ಲ ಎಣಿಸಿ ಮಲಗಿಸಿ ಹೋಗುತ್ತೆ.

ಈ ನಡುವೆ ನನಗೊಂದು ದುರಾಸೆ ಬಂದಿತ್ತು, ಅದನ್ನ ಮುಚ್ಚಿಡಲ್ಲ. ಪದ ಕೇಳಿ ತಾನಾಗೇ ಬರ್ಕೊಳ್ಳೋ ಹಾಗೆ ಮಾಡಿದ್ರೆ ಮಾವ ಖುಷಿ ಪಡ್ತಾರೆ ಅಂತ ವಿಸ್ಪರ್ ಅನ್ನೋ ಎಐ ಮಾಡೆಲ್ ಸೇರಿಸಿದ್ದೆ. ಅದರ ಟೈನಿ 75 ಎಂಬಿ, ಸ್ಮಾಲ್ 466 ಎಂಬಿ, ಮೀಡಿಯಂ 1.5 ಜಿಬಿ, ಲಾರ್ಜ್ 2.9 ಜಿಬಿ. ನಾನು ಸ್ಮಾಲ್ ಆರಿಸ್ಕೊಂಡೆ. ಇಷ್ಟು ದೊಡ್ಡದನ್ನ ಹಾಟ್‌ಸ್ಪಾಟಲ್ಲಿ ಇಳಿಸ್ಕೊಳ್ಳಿ ಅನ್ನೋಕೆ ಮನಸ್ಸಾಗದೆ, ಒಂದು ಪೆನ್‌ಡ್ರೈವಿಗೆ ಎಲ್ಲ ತುಂಬಿಸಿ, ಶನಿವಾರ ಬೆಳಿಗ್ಗೆ ಮೈಸೂರಲ್ಲಿ ಪ್ಯಾಸೆಂಜರ್ ಹತ್ತಿ ಮಂಡ್ಯದಲ್ಲಿಳಿದು ಕೈಯಾರೆ ಹಾಕಿಕೊಟ್ಟೆ.

ಮಾವ ಒಂದು ಸೋಬಾನೆ ಪದ ಹಾಕಿ 'ಬರಿ' ಅಂತ ಒತ್ತಿದ್ರು. ಐದಾರು ಜನ ಒಟ್ಟಿಗೆ ಹಾಡ್ತಿರೋದು, ಹಳೇ ಟೇಪು, ನಾಗಮಂಗಲದ ಕಡೆ ಮಾತು, ಮೇಲಾಗಿ ನಾನು ಆರಿಸಿದ್ದು ಸಣ್ಣ ಮಾಡೆಲ್. ಬಂದ ಅಕ್ಷರಗಳನ್ನ ಮಾವ ಕನ್ನಡಕ ಏರಿಸ್ಕೊಂಡು ಮೇಷ್ಟ್ರು ಪೇಪರ್ ತಿದ್ದೋ ಥರ ಓದಿದ್ರು. 'ಇವನು ಕನ್ನಡ ಮೀಡಿಯಂ ಅಲ್ಲ ಕಣಪ್ಪ' ಅಂದ್ರು. ಅತ್ತೆ ಒಳಗಿಂದ ನಕ್ಕಿದ್ದು ಕೇಳಿಸ್ತು. ಆಮೇಲೆ ಡ್ರಾಯರಿಂದ ಉದ್ದನೇ ನೋಟ್‌ಬುಕ್ ತೆಗೆದು, ಹಿಂದಿನ ತಿಂಗಳು ಕತ್ತರಿಸಿದ್ದ ಅರವತ್ತು ಚಿಲ್ಲರೆ ಪದ ಕೈಯಲ್ಲೇ ಬರೆದಿಟ್ಟಿದ್ದನ್ನ ತೋರಿಸಿದ್ರು. ಎಲ್ಲಿ ಅರ್ಥ ಆಗಿಲ್ವೋ ಅಲ್ಲಿ ಪೆನ್ಸಿಲ್ಲಲ್ಲಿ ಗೆರೆ.

ಈಗಿನ ಆವೃತ್ತೀಲಿ ಮಾಡೆಲ್ ಇಲ್ಲ, ಬೇಕಾದೋರು ಬೇರೆ ಇಳಿಸ್ಕೋಬಹುದು. ಕತ್ತರಿಸೋ ಎಂಜಿನ್ ಬೇರೆ ಫೋಲ್ಡರಲ್ಲಿ, ಆಪ್ ಬೇರೆ, ನಾನು ಒಂದು ಬಟನ್ ಬಣ್ಣ ಬದಲಾಯಿಸಿದ್ರೆ ಇಡೀ ಮೂಟೆ ಮತ್ತೆ ಇಳಿಸ್ಕೊಳ್ಳೋ ಕಷ್ಟ ಯಾರಿಗೂ ಇಲ್ಲ. ವಿಂಡೋಸ್ ಇನ್‌ಸ್ಟಾಲರ್ 11 ಎಂಬಿ.

ಮೊನ್ನೆ ಮಾವ ಫೋನ್ ಮಾಡಿದ್ರು. ಆ ಪೆನ್ಸಿಲ್ ಗೆರೆ ಹಾಕಿರೋ ಜಾಗಗಳನ್ನ ಮತ್ತೆ ಮತ್ತೆ ಕೇಳ್ತಿದಾರಂತೆ, ಅಜ್ಜಿ ಬಿರಬಿರನೆ ಹಾಡಿಬಿಡ್ತಾಳೆ, 'ದನಿ ಕೆಡದಂಗೆ ಒಸಿ ನಿಧಾನಕ್ಕೆ ಹಾಡ್ಸೋಕಾಗಲ್ವೇನ್ಲಾ?' ಅಂದ್ರು. ಆಗುತ್ತೆ ಮಾವ, ಯಾಕಾಗಲ್ಲ ಅಂದೆ. ಎಟೆಂಪೋ ಅಂತ ಫಿಲ್ಟರೇ ಇದೆ ಎಫ್‌ಎಫ್‌ಎಂಪೆಗ್‌ನಲ್ಲಿ, 0.5 ಅಂದ್ರೆ ಅರ್ಧ ವೇಗ, ದನಿ ಅದೇ ಇರುತ್ತೆ. ಫೋನ್ ಇಟ್ಟ ಮೇಲೆ ನೆನಪಾಯ್ತು, ನನ್ನ 4 ಎಂಬಿ ಬಿಲ್ಡಲ್ಲಿ ಅದನ್ನ ಆನ್ ಮಾಡಿಲ್ಲ. ವಿಂಡೋಸ್, ಎರಡು ಮ್ಯಾಕ್, ಲಿನಕ್ಸ್, ನಾಲ್ಕೂ ಮತ್ತೆ ಕಂಪೈಲ್ ಆಗ್ಬೇಕು, ಮ್ಯಾಕಿಂದಕ್ಕೆ ಮತ್ತೆ ಒಳಗಿಂದ ಹೊರಗೆ ಸಹಿ. ಇದನ್ನ ಬರೀತಿರೋವಾಗ ವಿಂಡೋಸಿಂದು ಓಡ್ತಾ ಇದೆ, ಲ್ಯಾಪ್‌ಟಾಪ್ ಫ್ಯಾನ್ ಸದ್ದು ಹಿಟ್ಟಿನ ಗಿರಣಿ ಥರ.